ಶೇವಂತಿ ಹೂಂ ಅಂದ ರೆಕಾರ್ಡು

ಬನಹಟ್ಟಿಯ ಕರಡಿ ಮಜಲಿನ ಮೇಳ ಎಲ್ಲಿ ನಿಂತು ಬಾರಿಸಿದರೂ ಅದರ ಎದುರಿಗೆ, ಹೆಣ್ಣುಮಕ್ಕಳ ಸಾಲಿನ ತುದಿಯಲ್ಲಿ, ಶೇವಂತಿ ಕುಳಿತಿರುತ್ತಿದ್ದಳು. ಸೆರಗು ಬಿಗಿಯಾಗಿ ಹೊದ್ದು, ಎಡಗೈ ಮಡಿಲಲ್ಲಿಟ್ಟು, ಬಲಗೈಯನ್ನು ಮೊಣಕಾಲ ಮೇಲೆ ಚಾಚಿರುತ್ತಿದ್ದಳು. ಆ ಬಲಗೈ ಸಣ್ಣಗೆ ಏಳುತ್ತಿತ್ತು, ಬೀಳುತ್ತಿತ್ತು. ಗಂಡ ಮುತ್ತಣ್ಣ ಕೊರಳಿಗೆ ಕರಡಿ ಎಂಬ ದೊಡ್ಡ ಡೋಲು ಹಾಕಿಕೊಂಡು ಬಾರಿಸುವಾಗ ಇವಳು ಮರುಳಾಗಿ ಕೂತಿದ್ದಾಳೆ ಎಂದು ನೋಡಿದವರು ನಗುತ್ತಿದ್ದರು.

"ಅಳಿಯನ್ನ ಹುಡುಕೋ ವಯಸ್ಸಿನ್ಯಾಗ ಗಂಡನ ಮಾರಿ ನೋಡೂದು ಬಿಡವಲ್ಲಿ ನೋಡವಾ" ಎಂದು ಓಣಿಯ ಹೆಂಗಸರು ಚುಚ್ಚುತ್ತಿದ್ದರು.

ಶೇವಂತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಾಚಿಕೊಂಡವಳಂತೆ ಮಾಡುತ್ತಿದ್ದಳು. ಅವರು ಹಾಗೆ ತಿಳಿದುಕೊಂಡರೆ ಅವಳಿಗೆ ಒಳ್ಳೆಯದೇ ಆಗಿತ್ತು. ಯಾಕೆಂದರೆ ಮುತ್ತಣ್ಣನಿಗೆ ಕಿವಿ ಕೇಳುತ್ತಿರಲಿಲ್ಲ, ಅವನ ಕಿವಿ ಇವಳ ಬಲಗೈಯಲ್ಲಿತ್ತು.

ಪಾವರ್‌ಲೂಮಿನ ಶೆಡ್ಡಿನಲ್ಲಿ ಹರೆಯ ಕಳೆದ ಯಾರ ಕಿವಿ ತಾನೇ ನೆಟ್ಟಗಿರುತ್ತದೆ? ಸಾಲಿಗೆ ಸಾಲು ಮಗ್ಗ ಒಮ್ಮೆಲೇ ಖಟಖಟ ಎಂದು ಬಡಿಯುವಾಗ ಪಕ್ಕದವನು ಒದರಿದರೂ ಕೇಳುವುದಿಲ್ಲ. ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಾರೆ. ಆ ತುದಿಯ ಮಗ್ಗದವನು ತುಟಿ ಅಲುಗಿಸಿದರೆ ಈ ತುದಿಯವನು ಬಯ್ಗುಳವೋ ಚಹಾದ ಕರೆಯೋ ತಿಳಿದುಕೊಳ್ಳುತ್ತಾನೆ. ಹೀಗಾಗಿ ಮುತ್ತಣ್ಣನ ಕಿವುಡು ಯಾರ ಕಣ್ಣಿಗೂ ಬೀಳದೆ ಬೆಳೆಯಿತು. ಮೊದಲು ಗುಬ್ಬಿಯ ದನಿ ಹೋಯಿತು, ಆಮೇಲೆ ಸನಾದಿಯ ಮೇಲಿನ ಸ್ವರ, ಕಡೆಗೆ ಮಗಳು ಸ್ನೇಹಾ ಬೆನ್ನ ಹಿಂದೆ ನಿಂತು 'ಅಪ್ಪಾ' ಎಂದರೂ ಅವನು ತಿರುಗದಂತಾಯಿತು.

ಶೇವಂತಿ ರಬಕವಿಯ ಹೆಣ್ಣು. ತವರಿನಲ್ಲಿ ಅಂಬೆಗಾಲಿಕ್ಕುವ ಹೊತ್ತಿಗೇ ಕೈಮಗ್ಗದ ಸದ್ದು ಕೇಳಿದವಳು, ಮದುವೆಯಾಗಿ ಬಂದ ಮೇಲೆ ಮನೆಯಲ್ಲೇ ಕೂತು ಕಂಡಿಕೆಗೆ ನೂಲು ಸುತ್ತಿದವಳು. ಶೆಡ್ಡಿನ ಬಾಗಿಲು ದಾಟದ್ದರಿಂದ ಅವಳ ಕಿವಿ ಉಳಿಯಿತು. ರಬಕವಿಯ ಒಂದು ಮೆರವಣಿಗೆಯಲ್ಲಿ ಗಂಡನ ಕೈ ಸನಾದಿಯನ್ನು ಬಿಟ್ಟು ಮುಂದಕ್ಕೆ ಓಡುತ್ತಿರುವುದು ಅವಳಿಗೆ ತಿಳಿಯಿತು. ಸನಾದಿಯವನು ಕಣ್ಣು ಕೆಂಪಗೆ ಮಾಡಿ ನೋಡುತ್ತಿದ್ದ. ಇವಳು ಹೆಂಗಸರ ನಡುವಿನಿಂದ ಅಂಗೈಯನ್ನು ಮೆಲ್ಲಗೆ ಕೆಳಗೆ ಒತ್ತಿ ತೋರಿಸಿದಳು. ಮುತ್ತಣ್ಣ ನೋಡಿದ, ಕೈ ತಗ್ಗಿಸಿದ. ಮನೆಗೆ ಬಂದು ಇಬ್ಬರೂ ರೊಟ್ಟಿ ತಿಂದರು, ಮಲಗಿದರು. ಆ ಮಾತು ಯಾರೂ ಎತ್ತಲಿಲ್ಲ. ಮುಂದಿನ ಮಜಲಿಗೆ ಅವಳು ಹೇಳಿಸಿಕೊಳ್ಳದೆಯೇ ಎದುರಿಗೆ ಬಂದು ಕುಳಿತಳು.

ಮುಚ್ಚಿಡಲು ಕಾರಣವಿತ್ತು. ಮೇಳದಲ್ಲಿ ಎರಡು ಕರಡಿ. ಮೊದಲ ಕರಡಿಯವನು ಕೈ ಎತ್ತಿದರೆ ಮಜಲು ಶುರು, ಅವನು ಹಿಡಿದದ್ದೇ ನಡೆ, ಅವನು ಬಿಟ್ಟಲ್ಲೇ ನಿಲುಗಡೆ. ಅದು ಮುತ್ತಣ್ಣನಿಗೆ ಅಪ್ಪನಿಂದ ಬಂದದ್ದು. ಶೆಡ್ಡಿನಲ್ಲಿ ಅವನು ನೂರಾರು ನೇಕಾರರಲ್ಲಿ ಒಬ್ಬ, ಮಾಲಕ ಹೆಸರು ಹಿಡಿದು ಸಹ ಕರೆಯುತ್ತಿರಲಿಲ್ಲ. ಕರಡಿ ಕೊರಳಿಗೆ ಬಿದ್ದರೆ ಮಾತ್ರ ಅದೇ ಮಾಲಕ ಹಾದಿ ಬಿಟ್ಟು ನಿಲ್ಲುತ್ತಿದ್ದ. ಕಿವುಡನ ಕೊರಳಿಗೆ ಮೊದಲ ಕರಡಿ ಯಾರು ಹಾಕುತ್ತಾರೆ? ತಿಳಿದ ದಿನವೇ ಅದು ಎರಡನೆಯ ಕರಡಿಯವನಿಗೆ ಹೋಗುತ್ತಿತ್ತು.

ಎರಡನೆಯ ಕರಡಿಯವನು ಈರಪ್ಪ. ನೂಲಿನ ಅಂಗಡಿಯಲ್ಲಿ ಗಂಟು ಹೊರುವವನು, ಮುತ್ತಣ್ಣನಿಗಿಂತ ಬಹಳ ಚಿಕ್ಕವನು. ಕೈ ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ. ಮುತ್ತಣ್ಣ ಅವನನ್ನು ಹತ್ತು ಜನರ ನಡುವೆ 'ಈರ್ಯಾ' ಎಂದೇ ಕರೆಯುತ್ತಿದ್ದ, ತಪ್ಪಿದರೆ ಮೊಣಕೈಯಿಂದ ತಿವಿಯುತ್ತಿದ್ದ, ತಪ್ಪದಿದ್ದರೂ ಒಮ್ಮೊಮ್ಮೆ ತಿವಿಯುತ್ತಿದ್ದ. ಈರಪ್ಪ ಪಕ್ಕೆ ಉಜ್ಜಿಕೊಂಡು ಬಾರಿಸುತ್ತಲೇ ಇರುತ್ತಿದ್ದ.

ಹೀಗಿರುವಾಗ ಬಸವಕುಮಾರ ಬಂದ. ಜಮಖಂಡಿಯ ಹತ್ತಿ ವ್ಯಾಪಾರಿಯ ಮಗ, ಪುಣೆಯಲ್ಲಿ ಗಿಟಾರು ಹಿಡಿದವನು. ನಾಲ್ಕು ಮಂದಿ ಗೆಳೆಯರ ಜೊತೆ ಒಂದು ಬ್ಯಾಂಡು ಕಟ್ಟಿದ್ದ, ಅದಕ್ಕೆ 'ಏಳೂವರೆ' ಎಂದು ಹೆಸರಿಟ್ಟಿದ್ದ. ಅವರ ಹಾಡು ಎಲ್ಲರ ಹಾಡಿನಂತೆ ಅಲ್ಲ. ಒಂದು ಹಾಡು ಮುಗಿಯುವುದರೊಳಗೆ ಒಲೆ ಹಚ್ಚಿ ಚಹಾ ಕಾಸಿ ಕುಡಿದು ಲೋಟ ತೊಳೆದಿಡಬಹುದು. ಒಂದೇ ಹಾಡು ಮೂರು ಸಲ ನಡೆ ಬದಲಿಸುತ್ತದೆ, ತಾಳ ಒಮ್ಮೆ ಏಳಕ್ಕೆ ನಿಲ್ಲುತ್ತದೆ, ಒಮ್ಮೆ ಏಳೂವರೆಗೆ.

"ಇದಕ್ಕ ಪ್ರೋಗ್ರೆಸಿವ್ ರಾಕ್ ಅಂತಾರ್ರಿ ಕಾಕಾ. ಜಮಖಂಡಿಯಾಗ ನಮ್ಮ ಹಳೇ ಹತ್ತಿ ಜಿನ್ನಿಂಗ್ ಮಿಲ್ಲಿನ ಅಂಗಳದಾಗ ಷೋ ಮಾಡೂದೈತಿ. ಅಲ್ಲೇ ರೆಕಾರ್ಡ್ ಮಾಡಿ ಲೈವ್ ಅಂತ ಬಿಡತೇವಿ. ಕಡೀ ಹಾಡಿನ್ಯಾಗ ನಿಮ್ಮ ಕರಡಿ ಬೇಕ್ರಿ" ಎಂದ ಬಸವಕುಮಾರ.

"ಹೆಸರ ಏನಂದಿ? ಏಳೂವರಿ?" ಈರಪ್ಪ ನಕ್ಕ. "ಸಾಡೇಸಾತಿ ಬಿಡಸ್ಕೊಳ್ಳಾಕ ಮಂದಿ ಮಾರುತಿಗೆ ಎಣ್ಣಿ ಹಾಕತಾರ. ನೀವು ಶನಿನ್ನ ಹೆಗಲ ಮ್ಯಾಲ ಕುಂದರಿಸ್ಕೊಂಡ ಊರೂರ ತಿರಗಾಕತ್ತೀರಲ್ಲೋ ಮಾರಾಯಾ."

ಮುತ್ತಣ್ಣ ಇಬ್ಬರ ತುಟಿಯನ್ನೂ ನೋಡಿದ. ಅವನಿಗೆ ತಿಳಿದದ್ದು ಒಂದೇ, ತನ್ನ ಕೈ ರೆಕಾರ್ಡು ಆಗುತ್ತದೆ.

"ಬಾರಸ್ತೇನಿ" ಎಂದ.

ಬನಹಟ್ಟಿಯ ಒಂದು ಖಾಲಿ ಶೆಡ್ಡಿನಲ್ಲಿ ಮುತ್ತಣ್ಣ, ಈರಪ್ಪ ಇಬ್ಬರ ಕರಡಿಯೂ ಸೇರಿ ತಾಲೀಮು ನಡೆಯಿತು. ಶೇವಂತಿ ಚಹಾದ ಕೆಟಲಿ ಹಿಡಿದು ಬಂದವಳು ಅಲ್ಲೇ ನೂಲಿನ ಗಂಟಿನ ಮೇಲೆ ಕೂರುತ್ತಿದ್ದಳು. ಮೇಳದ ಮಜಲಿನಲ್ಲಾದರೆ ಮುತ್ತಣ್ಣನೇ ಮುಂದಾಳು, ಉಳಿದವರು ಅವನ ಹಿಂದೆ. ಇಲ್ಲಿ ಅವನು ಬೇರೆಯವರ ಹಿಂದೆ ಹೋಗಬೇಕಿತ್ತು. ಅವಳು ಹಾಡನ್ನು ಮನೆಯಲ್ಲಿ ಸ್ನೇಹಾಳ ಫೋನಿನಿಂದ ಕೇಳಿ ಕೇಳಿ ಬಾಯಿಪಾಠ ಮಾಡಿದಳು. ಹಾಡಿನ ನಡುವೆ ಒಂದು ಕಡೆ ಎಲ್ಲ ವಾದ್ಯವೂ ಗಕ್ಕನೆ ನಿಲ್ಲಬೇಕು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಕರಡಿಯ ಒಂದೇ ಪೆಟ್ಟಿನಿಂದ ಹಾಡು ಮತ್ತೆ ಏಳಬೇಕು. ನಿಲ್ಲುವಲ್ಲಿ ಅವಳು ಮುಷ್ಟಿ ಕಟ್ಟುತ್ತಿದ್ದಳು, ಪೆಟ್ಟಿಗೆ ಮುಷ್ಟಿ ಬಿಚ್ಚುತ್ತಿದ್ದಳು. ಮುತ್ತಣ್ಣ ಒಮ್ಮೆಯೂ ತಪ್ಪಲಿಲ್ಲ. ಬಸವಕುಮಾರ ಬಂದು ಅವನ ಕಾಲು ಮುಟ್ಟಿದ.

ಜಿನ್ನಿನ ಅಂಗಳದ ದಿನ ಎಲ್ಲ ಲೆಕ್ಕ ತಲೆಕೆಳಗಾಯಿತು. ವೇದಿಕೆ ಆಳೆತ್ತರ ಕಟ್ಟಿದ್ದರು. ಮುಂದುಗಡೆ ಕ್ಯಾಮೆರಾದವರು. ಶೇವಂತಿ ಜನರನ್ನು ಸರಿಸಿಕೊಂಡು ಮುಂದೆ ಹೋಗಿ ನೆಲದ ಮೇಲೆ ಕೂತರೆ, ಕೊರಳಿಗೆ ಚೀಟಿ ಹಾಕಿಕೊಂಡ ಒಬ್ಬ ಬಂದು ಎಬ್ಬಿಸಿದ.

"ಅಮ್ಮಾರ, ಇಲ್ಲಿ ಕುಂದರಂಗಿಲ್ರಿ. ಶೂಟಿಂಗ್ ಐತಿ. ಹಿಂದ ಖುರ್ಚಿ ಹಾಕೇವಲ್ಲಾ."

"ನಮ್ಮನಿಯವರ ಬಾರಸ್ತಾರಪಾ. ನಾ ಇಲ್ಲೇ ಕುಂದರಬೇಕು."

"ಎಲ್ಲಾರ ಮನಿಯವರೂ ಬಾರಸ್ತಾರ್ರಿ. ಏಳ್ರಿ, ಏಳ್ರಿ."

ಯಾಕೆ ಇಲ್ಲೇ ಕೂರಬೇಕು ಎಂದು ಅವಳು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಎದ್ದಳು. ಹಿಂದಿನ ಖುರ್ಚಿಯ ಮೇಲೆ ಹತ್ತಿ ನಿಂತಳು, ಹಿಂದಿನವರು ಬಯ್ದು ಇಳಿಸಿದರು. ವೇದಿಕೆಯ ಮೇಲೆ ದೀಪಗಳು ಹೊತ್ತಿಕೊಂಡವು, ಬಣ್ಣದ ಹೊಗೆ ಎದ್ದಿತು. ಕಣ್ಣಿಗೆ ಬೆಳಕು ಹೊಡೆದು ಮುತ್ತಣ್ಣ ಅತ್ತಿತ್ತ ತಲೆ ಹೊರಳಿಸಿದ. ಅವನು ತನ್ನನ್ನು ಹುಡುಕುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಸೆರಗು ಬಿಚ್ಚಿ ಗಾಳಿಯಲ್ಲಿ ಬೀಸಿದಳು. ಆ ಗದ್ದಲದಲ್ಲಿ ಅದು ಯಾರ ಕಣ್ಣಿಗೆ ಬಿದ್ದೀತು?

ಅವನು ಕಣ್ಣು ಮುಚ್ಚಿ, ಹೊಟ್ಟೆಗೆ ತಾಗುವ ದಡದಡವನ್ನೇ ನಂಬಿ ಬಾರಿಸಿದ. ಒಂದು ಸುತ್ತು ದಾಟುವುದರೊಳಗೇ ಹಾಡು ಒಂದು ದಾರಿ, ಅವನ ಕೈ ಒಂದು ದಾರಿ ಆಗಿತ್ತು. ನಿಲ್ಲುವ ಜಾಗ ಬಂತು. ಗಿಟಾರು ನಿಂತಿತು, ಡ್ರಮ್ಮು ನಿಂತಿತು, ಪಕ್ಕದಲ್ಲಿದ್ದ ಈರಪ್ಪನ ಕರಡಿ ನಿಂತಿತು. ಮುತ್ತಣ್ಣನ ಕರಡಿ ಮಾತ್ರ ನಿಲ್ಲಲಿಲ್ಲ. ಬಾಯಿ ತೆರೆದು, ಕೊರಳ ನರ ಉಬ್ಬಿಸಿ, ಒಬ್ಬನೇ ಬಡಿಯುತ್ತಲೇ ಹೋದ.

ಜನ ಅದನ್ನೂ ಆಟದ ಭಾಗವೆಂದು ತಿಳಿದು ಎದ್ದು ನಿಂತು ಸಿಳ್ಳೆ ಹೊಡೆದರು. ಬ್ಯಾಂಡಿನವರು ಒಬ್ಬರ ಮುಖ ಒಬ್ಬರು ನೋಡಿ, ಹೇಗೋ ಅವನ ಬೆನ್ನು ಹಿಡಿದು ಹಾಡು ಮುಗಿಸಿದರು. ಈರಪ್ಪ ಮಾತ್ರ ಸಿಳ್ಳೆಯ ಕಡೆ ನೋಡಲಿಲ್ಲ. ಮೊದಲು ಮುತ್ತಣ್ಣನ ಮುಚ್ಚಿದ ಕಣ್ಣು ನೋಡಿದ. ಆಮೇಲೆ ಬೆಳಕಿಗೆ ಅಂಗೈ ಅಡ್ಡ ಹಿಡಿದು, ಹಿಂದಿನ ಸಾಲಿನಲ್ಲಿ ಸೆರಗು ಬೀಸುತ್ತಿದ್ದ ಶೇವಂತಿಯನ್ನು ನೋಡಿದ. ವರ್ಷಗಟ್ಟಲೆ ಮುಚ್ಚಿಟ್ಟದ್ದು ಅವನಿಗೆ ಅಷ್ಟರಲ್ಲಿ ತಿಳಿದುಹೋಯಿತು.

ಬರುವಾಗ ಟೆಂಪೋದಲ್ಲಿ ಮುತ್ತಣ್ಣ ಕೇಳಿದ, "ಹೆಂಗಾತ?"

"ಛಲೋ ಆತ್ರಿ. ಮಂದಿ ಎದ್ದ ನಿಂತಿದ್ರಲ್ಲಾ, ನೋಡಲಿಲ್ಲೇನ್ರಿ?"

"ನೋಡೇನಿ." ಅವನು ಮಗುವಿನಂತೆ ನಕ್ಕ.

ಕೆಲವು ತಿಂಗಳ ಮೇಲೆ ರೆಕಾರ್ಡು ಹೊರಬಿತ್ತು. ಬ್ಯಾಂಡಿನವರು ಒಂದು ದೊಡ್ಡ ಕರಿ ತಟ್ಟೆಯನ್ನೇ ಅಂಚೆಯಲ್ಲಿ ಕಳಿಸಿದರು. ಅದನ್ನು ಹಾಕಿ ಕೇಳುವ ಯಂತ್ರ ಬನಹಟ್ಟಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ, ಆದರೆ ಅದರ ಹೊದಿಕೆ ನೋಡಲು ಯಂತ್ರ ಬೇಕಿರಲಿಲ್ಲ. ಹೊದಿಕೆಯ ತುಂಬ ಮುತ್ತಣ್ಣನ ಮುಖ. ಬಾಯಿ ತೆರೆದಿದೆ, ಕೊರಳ ನರ ಉಬ್ಬಿದೆ, ಬೆವರು ದೀಪಕ್ಕೆ ಮಿಂಚುತ್ತಿದೆ. ಎಲ್ಲರೂ ನಿಂತಾಗ ಒಬ್ಬನೇ ಬಡಿಯುತ್ತಿದ್ದನಲ್ಲ, ಆ ಕ್ಷಣದ ಫೋಟೋ.

ಸ್ನೇಹಾ ಫೋನಿನಲ್ಲಿ ಕಡೆಯ ಹಾಡು ಹಚ್ಚಿದಳು. ಶೇವಂತಿ ಕಿವಿಗೊಟ್ಟಳು. ಕರಡಿ ಶುರುವಾಯಿತು.  ಎಡಗೈಯ ಪೆಟ್ಟನ್ನು ಕೊಂಚ ಎಳೆದು ಬಿಡುವ ಕೈ ಅದು. ಗಂಡನ ಕೈ ಅಲ್ಲ. ಈರಪ್ಪನ ಕೈ. ಒಂದೂ ಪೆಟ್ಟು ತಪ್ಪಿರಲಿಲ್ಲ, ನಿಲ್ಲುವ ಜಾಗದಲ್ಲಿ ಚಾಕುವಿನಿಂದ ಕೊಯ್ದಂತೆ ನಿಂತಿತ್ತು.

ಸ್ನೇಹಾ ಗಾಬರಿಯಾದಳು. "ಯವ್ವಾ, ಇದು ಅಪ್ಪ ಬಾರ್ಸಿದ್ದಲ್ಲ ಬೇ…"

ಶೇವಂತಿ ಮಗಳ ತೊಡೆ ಚಿವುಟಿದಳು. ಎದುರಿಗೆ ಮುತ್ತಣ್ಣ ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದ. ಬಾಗಿಲ ಬೆಳಕಿಗೆ ಮಗಳ ಮುಖ ನೆರಳಲ್ಲಿತ್ತು, ತುಟಿ ಕಂಡಿರಲಿಲ್ಲ.

"ಹೆಂಗ ಬಂದೈತಿ? ನಂದು ಕೇಳಸ್ತೈತಿ?"

ಹೇಳಿಬಿಡಲು ಅದು ತಕ್ಕ ಹೊತ್ತಾಗಿತ್ತು. ಮನೆಯಲ್ಲಿ ಮೂವರೇ ಇದ್ದರು. ಆದರೆ ಅವನು ಆ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

"ಭಾಳ ಛಲೋ ಬಂದೈತಿ. ನಿಮ್ದ ಎದ್ದ ಕೇಳಸ್ತೈತಿ" ಎಂದಳು ಶೇವಂತಿ.

ಅವನು ಆಚೆ ಹೋದ ಮೇಲೆ ಮಗಳ ಫೋನಿನಿಂದ ಬಸವಕುಮಾರನಿಗೆ ಹಚ್ಚಿಸಿದಳು.

"ಕಾಕೂ, ಕಾಕಾರದು ಆ ದಿನ ಲಯ ಪೂರಾ ಹೋಗಿತ್ರಿ. ಈರಪ್ಪನ್ನ ಪುಣೆಕ್ಕ ಕರಸಿ ಮತ್ತ ಬಾರಸಿ ಕೂಡಿಸೇವಿ. ಕಾಕಾರಿಗೆ ಹೇಳಬ್ಯಾಡ ಅಂತ ಅವಂಗ ಹೇಳೀವಿ, ಪಾಪ ಒಪ್ಪಿಕೊಂಡಾನ."

"ಆ ದಿನ ಬಾರ್ಸಿದ್ದ ಅಂತ ಬರದೀರಲ್ಲೋ ಅದರ ಮ್ಯಾಲ?"

"ಎಲ್ಲಾರೂ ಹಂಗ ಮಾಡತಾರ್ರಿ. ಲೈವ್ ಅಂದ್ರ ಅಷ್ಟೂ ಅಲ್ಲಿಂದ ಇರಬೇಕಂತ ಇಲ್ಲ."

"ಮತ್ತ ಫೋಟೋ ಯಾಕ ಹಾಕೀರಿ ಇವರದು?"

ಬಸವಕುಮಾರ ನಕ್ಕ. ಕೆಟ್ಟ ನಗು ಅಲ್ಲ, ಪ್ರೀತಿಯದೇ. "ಆ ಮಾರಿ ಭಾಳ ಛಲೋ ಬಂದಿತ್ರಿ ಕಾಕೂ. ಅಂಥಾ ಮಾರಿ ಎಲ್ಲಿ ಸಿಗತೈತಿ? ಈರಪ್ಪಂದು ಬರೇ ಹುಡುಗ್ರ ಮಾರಿ."

ಮುತ್ತಣ್ಣ ಆ ಹೊದಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎಲ್ಲಿ ಹೋದರೂ ಜೊತೆಗೆ ಒಯ್ಯತೊಡಗಿದ. ಶೆಡ್ಡಿನಲ್ಲಿ ತೋರಿಸಿದ, ನೂಲಿನ ಅಂಗಡಿಯಲ್ಲಿ ತೋರಿಸಿದ, ಕಟಿಂಗಿನ ಅಂಗಡಿಯಲ್ಲಿ ತೋರಿಸಿದ. ತೋರಿಸಿ ಸುಮ್ಮನಾಗಿದ್ದರೂ ನಡೆಯುತ್ತಿತ್ತು. ಚಹಾದ ಅಂಗಡಿಯಲ್ಲಿ ಈರಪ್ಪ ಕೂತದ್ದು ಕಂಡು ಅವನ ಮುಂದೆಯೇ ಹೊದಿಕೆ ಹಿಡಿದ.

"ನೋಡಲೇ ಈರ್ಯಾ. ನೀನೂ ಬಾರ್ಸಿದ್ದಿ ಅಲ್ಲಾ? ಎಲ್ಲದಿ ಇದರಾಗ? ಮನಿಯಾಗ ಹೇಳಿದ್ರು, ಹಾಡ ತುಂಬ ನಂದ ಕೈ ಅಂತ. ನಿಂದು ನೊಣ ಗುಂಯ್‌ಗುಟ್ಟಿದಂಗರೇ ಕೇಳಸ್ಬೇಕಿತ್ತು, ಅದೂ ಇಲ್ಲ."

ಅಂಗಡಿ ತುಂಬ ನಕ್ಕರು.  ಈರಪ್ಪ ಪುಣೆಯ ಬ್ಯಾಂಡಿನವರಿಗೆ ಕೊಟ್ಟ ಮಾತು ನೆನೆದು ಚಹಾ ಅರ್ಧಕ್ಕೆ ಬಿಟ್ಟು ಎದ್ದ. ನೇರ ಶೇವಂತಿಯ ಮನೆಗೆ ಬಂದು ಹೊಸ್ತಿಲ ಹೊರಗೇ ನಿಂತ.

"ವೈನಿ, ನನಗ ಎಲ್ಲಾ ಗೊತ್ತೈತಿ. ಅಣ್ಣಗ ಕಿವಿ ಇಲ್ಲ, ನೀನ ಕೈ ಮಾಡಿ ಬಾರಸ್ತಿ. ಇಷ್ಟ ದಿನಾ ನಡಸೀರಿ, ನಡಸ್ರಿ. ನನ್ನ ಕೈ ತಗೊಂಡ ನನಗ ಅನ್ನೂದು ಮಾತ್ರ ಸೇರಂಗಿಲ್ಲ. ರೆಕಾರ್ಡಿನ್ಯಾಗ ಇರೂದು ನನ್ನ ಕೈ ಅಂತ ಅಣ್ಣಗ ನೀನ ಹೇಳಿಬಿಡ. ಮೊದಲನೇ ಕರಡಿ ಅವನ ಹಂತ್ಯಾಕ ಇರಲಿ. ನನ್ನ ಗೊಡವಿಗೆ ಬರಬ್ಯಾಡ ಅನ್ನ, ಸಾಕು."

ಅವನು ಕೇಳಿದ್ದು ದೊಡ್ಡದೇನೂ ಅಲ್ಲ. ಆದರೆ ತನ್ನ ಗುಟ್ಟು ಪರರ ಬಾಯಲ್ಲಿ ಬಂದಾಗ ಶೇವಂತಿಗೆ ಮೈ ಉರಿಯಿತು. ಅಂಜಿಕೆ ಸಿಟ್ಟಾಗಿ ಹೊರಬಿತ್ತು.

"ಹೊಟ್ಟಿಕಿಚ್ಚಿಗೆ ಏನೇನ ಹುಟ್ಟಸ್ತೀಯೋ ಈರಪ್ಪಾ! ಕಿವುಡಂತ, ಕಿವುಡ! ಫೋಟೋದಾಗ ಯಾರದಾರ ಹೋಗಿ ನೋಡ್ಕೋ. ನಿನ್ನ ಮಾರಿಗೆ ಅದು ಬರಂಗಿಲ್ಲ ಅಂತ ಅವರ ಹೇಳ್ಯಾರ."

 ಈರಪ್ಪ ಚಪ್ಪಲಿ ಮೆಟ್ಟಿ ಹೋದ. ಹೋಗುವವನ ಬೆನ್ನು ನೋಡುತ್ತ ಶೇವಂತಿಗೆ, ಕೂಗಿ ಕರೆಯಬೇಕು ಎನ್ನಿಸಿತು. ಕರೆಯಲಿಲ್ಲ.

ಮುಂದಿನ ವಾರ ಮಗ್ಗಗಳಿಗೆ ರಜೆಯಿದ್ದ ದಿನ, ಸಂಜೆ ಬಿಸಿಲು ಇಳಿಯುವ ಹೊತ್ತಿಗೆ, ಮಾರುತಿ ಗುಡಿಯ ಕಟ್ಟೆಯ ಮುಂದೆ ರೆಕಾರ್ಡು ಕೇಳಿಸುವುದೆಂದು ಮುತ್ತಣ್ಣ ಓಣಿಗೆಲ್ಲ ಹೇಳಿಬಂದ. ಸ್ಪೀಕರ್ ತರುವ ಕೆಲಸ ಈರಪ್ಪ ತಾನಾಗಿ ವಹಿಸಿಕೊಂಡ. 'ಬಗ್ಗಿದ ನೋಡ ಮಗಾ' ಎಂದು ಮುತ್ತಣ್ಣ ಹೆಂಡತಿಯ ಮುಂದೆ ಮೀಸೆ ತಿರುವಿದ.  ಶೇವಂತಿ, ನನಗ ಮೈ ಸರಿಯಿಲ್ಲ, ಬ್ಯಾಡ ಎಂದು ಹೇಳಿ ನೋಡಿದಳು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಹಳದಿ ಪಟಕಾ ಸುತ್ತಿ, ಅವಳಿಗಿಂತ ಮುಂಚೆ ಹೋಗಿ ಸ್ಪೀಕರಿನ ಪಕ್ಕದಲ್ಲೇ ಕೂತ.

ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಶೇವಂತಿ ಎಂದಿನಂತೆ ಸಾಲಿನ ತುದಿಯಲ್ಲಿ, ಗಂಡನ ಎದುರಿಗೆ. ಈರಪ್ಪ ಫೋನಿಗೆ ತಂತಿ ಚುಚ್ಚಿದ, ಮಂದಿಯ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಎಲ್ಲರೂ ಸುಮ್ಮನಾದರು. ಅವನು ಗುಂಡಿ ಒತ್ತಿದ.

ಸ್ಪೀಕರಿನಿಂದ ಬಂದದ್ದು ಹಾಡಲ್ಲ, ಮಗ್ಗದ ಸದ್ದು. ಖಟಕ್, ಖಟಕ್, ಖಟಕ್ ಎಂದು ಪಾವರ್‌ಲೂಮ್ ಬಡಿಯುವುದನ್ನು ಫೋನಿನಲ್ಲಿ ಹಿಡಿದು ತಂದಿದ್ದ.

ಮೊದಲು ಯಾರಿಗೂ ತಿಳಿಯಲಿಲ್ಲ. ಫೋನು ಕೆಟ್ಟಿತೇನೋ ಎಂದು ಒಬ್ಬಿಬ್ಬರು ಕೊರಳು ಚಾಚಿದರು. ಆಮೇಲೆ ಈರಪ್ಪನ ಬೆರಳು ಇನ್ನೂ ತುಟಿಯ ಮೇಲಿರುವುದನ್ನೂ ಮುತ್ತಣ್ಣ ಅಂಗೈಯನ್ನು ಸ್ಪೀಕರಿನ ಪೆಟ್ಟಿಗೆಗೆ ಒತ್ತಿಕೊಂಡು ಕಣ್ಣರಳಿಸಿರುವುದನ್ನೂ ಕಂಡರು. ಹೆಗಲ ಮೇಲಿನ ವಲ್ಲಿ, ಟವೆಲ್ಲು ಒಂದೊಂದಾಗಿ ಬಾಯಿಗೆ ಅಡ್ಡ ಬಂದವು.

ಪೆಟ್ಟಿಗೆಯ ದಡದಡ ಅಂಗೈಗೆ ತಾಗುತ್ತಿತ್ತು, ತುಟಿಗಳೆಲ್ಲ ಮರೆಯಾಗಿದ್ದವು. ಮುತ್ತಣ್ಣ ಹೆಂಡತಿಯ ಕಡೆ ನೋಡಿದ. ಹುಬ್ಬು ಎತ್ತಿ, ತನ್ನ ಎದೆ ಮುಟ್ಟಿಕೊಂಡು ಕೇಳಿದ, ಇದು ನಾನೇ ಏನು?

ಅಲ್ಲ ಎಂದು ತಲೆಯಾಡಿಸಿದ್ದರೆ ಆಗುತ್ತಿತ್ತು. ಆದರೆ ಅಲ್ಲ ಎಂದರೆ ಮುಂದೆ ಮತ್ತೇನು ಎಂದು ಕೇಳುತ್ತಾನೆ, ಮನೆಯಲ್ಲಿ ಹೌದು ಅಂದದ್ದು ಯಾಕೆ ಎಂದು ಕೇಳುತ್ತಾನೆ, ಇಷ್ಟು ಮಂದಿಯ ಎದುರಿಗೆ ತಾನು ಕೈಸನ್ನೆ ಬಾಯಿಸನ್ನೆ ಮಾಡಿ ತಿಳಿಸಬೇಕಾಗುತ್ತದೆ. ಹೂಂ ಅಂದರೆ ಅವನು ತಲೆದೂಗುತ್ತ ಸುಮ್ಮನೆ ಕೂರುತ್ತಾನೆ, ಈರಪ್ಪನ ಚೇಷ್ಟೆ ಅಲ್ಲಿಗೇ ಸಾಯುತ್ತದೆ ಎಂದು ಅವಳಿಗೆ ತೋರಿತು. ಶೇವಂತಿ ಹೂಂ ಎಂದು ತಲೆ ಹಾಕಿದಳು.

ಮುತ್ತಣ್ಣ ಸುಮ್ಮನೆ ಕೂರಲಿಲ್ಲ. ಎದ್ದು ನಿಂತ. ಬಲಗೈಯನ್ನು ಮೇಲೆತ್ತಿದ.

"ಕೇಳ್ರಿ! ಕೇಳ್ರಿ ಇದನ್ನ! ಇದು ನನ್ನ ಕೈ! ಇಂಥಾ ಕೈ ಬನಹಟ್ಟಿಯಾಗ ಇನ್ನೊಂದ ಐತೇನ್ರೋ? ಏ ಈರ್ಯಾ, ಕಿವಿ ಕೊಟ್ಟ ಕೇಳಲೇ!"

ಗುಡಿಯ ಮುಂದಿನ ಪಾರಿವಾಳಗಳು ಹಾರಿಹೋಗುವಂತೆ ಜನ ನಕ್ಕರು. ಹೊಟ್ಟೆ ಹಿಡಿದುಕೊಂಡರು, ಒಬ್ಬರ ಮೇಲೊಬ್ಬರು ಬಿದ್ದರು. ಮುದುಕರು ಕಣ್ಣೊರೆಸಿಕೊಂಡರು. ಮುತ್ತಣ್ಣ ಅದನ್ನು ಮೆಚ್ಚುಗೆ ಎಂದು ತಿಳಿದು ತಾನೂ ನಕ್ಕ, ಎರಡೂ ಕೈ ಜೋಡಿಸಿ ಸುತ್ತ ತಿರುಗಿ ನಮಸ್ಕಾರ ಮಾಡಿದ. ಅವನು ನಮಸ್ಕಾರ ಮಾಡಿದಷ್ಟೂ ನಗೆ ಏರಿತು.

ಈರಪ್ಪ ಅವನ ಎದುರಿಗೆ ಬಂದು ನಿಂತ. ಶೆಡ್ಡಿನಲ್ಲಿ ದೂರದವನಿಗೆ ಹೇಳುವಂತೆ, ದನಿ ಇಲ್ಲದೆ, ತುಟಿಯನ್ನು ಅಗಲಗಲ ಮಾಡಿ ಹೇಳಿದ. ಅಲ್ಲಿದ್ದ ನೇಕಾರರೆಲ್ಲ ಅದನ್ನು ಓದಿದರು.

"ಅಣ್ಣಾ. ಇದು ಮಗ್ಗ. ನಿನ್ನ ಮಗ್ಗ."

ಮುತ್ತಣ್ಣನ ಜೋಡಿಸಿದ ಕೈ ಹಾಗೇ ಉಳಿಯಿತು.

ಈರಪ್ಪ ಅಷ್ಟಕ್ಕೆ ಬಿಡಲಿಲ್ಲ. ಈಗ ನಿಜವಾದ ರೆಕಾರ್ಡು ಹಚ್ಚಿದ, ಗುಡಿಯೊಳಗಿಂದ ಮೊದಲ ಕರಡಿಯನ್ನು ತಂದು ತನ್ನ ಕೊರಳಿಗೆ ಹಾಕಿಕೊಂಡ. ಸ್ಪೀಕರಿನ ಒಂದೊಂದು ಪೆಟ್ಟಿಗೂ ಸರಿಯಾಗಿ ತಾನೂ ಪೆಟ್ಟು ಹಾಕಿದ. ಎಡಗೈಯನ್ನು ಎಳೆದು ಬಿಡುವ ಆ ರೀತಿ, ನಿಲ್ಲುವ ಜಾಗ, ಮತ್ತೆ ಏಳುವ ಒಂದು ಪೆಟ್ಟು. ರೆಕಾರ್ಡಿನ ಕೈ ಯಾರದೆಂದು ಕೂಸಿಗೂ ತಿಳಿಯುವಂತಿತ್ತು. ಮುತ್ತಣ್ಣನಿಗೆ ಅದು ಕೇಳಲಿಲ್ಲ. ಈರಪ್ಪನ ಕೈಯಿಂದ ಮಂದಿಯ ಮುಖಕ್ಕೆ, ಮಂದಿಯ ಮುಖದಿಂದ ಈರಪ್ಪನ ಕೈಗೆ ಕಣ್ಣು ಓಡಿಸಿದ. ಕಡೆಗೆ ಶೇವಂತಿಯನ್ನು ನೋಡಿದ. ಅವಳ ಬಲಗೈ ಅವಳಿಗೆ ತಿಳಿಯದೆಯೇ ಮೊಣಕಾಲ ಮೇಲೆ ಈರಪ್ಪನ ತಾಳಕ್ಕೆ ಏಳುತ್ತ ಬೀಳುತ್ತ ಇತ್ತು.

ಮನೆಯಲ್ಲಿ ಅವನು ಗೋಡೆಗೆ ಮುಖ ಮಾಡಿ ಕೂತ. ಶೇವಂತಿ ಅತ್ತಳು, ಬೇಡಿಕೊಂಡಳು, ನಿಮ್ಮ ಮರ್ಯಾದಿ ಸಲುವಾಗೇ ಹೇಳಿದೆ ಎಂದಳು. ಅವನು ತಿರುಗಿ ನೋಡದಿದ್ದರೆ ಆ ಮಾತೆಲ್ಲ ಗೋಡೆಗೇ ಹೋಗಬೇಕು. ಮುಂದೆ ಬಂದು ಮುಖ ಹಿಡಿದರೆ ಕಣ್ಣು ಮುಚ್ಚಿಕೊಂಡ.

"ಮಂದಿ ನಕ್ಕಿದ್ದಕ್ಕ ನನಗೇನಿಲ್ಲ" ಎಂದ ಕಣ್ಣು ಮುಚ್ಚಿಯೇ. "ನಾ ನಿನ್ನ ಕೇಳೇನಿ. ನೀ ತಲಿ ಹಾಕಿದಿ."

ಆಮೇಲೆ ಅವನು ಮಗಳ ತುಟಿ ನೋಡಿದ, ಮಾಲಕನ ತುಟಿ ನೋಡಿದ, ಹಾಲಿನವನ ತುಟಿ ನೋಡಿದ. ಹೆಂಡತಿಯದು ನೋಡಲಿಲ್ಲ. ಶೇವಂತಿ ತಾಟು ಮುಂದಿಟ್ಟು, ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳುತ್ತಿದ್ದಳು. ಅವನು ತಾಟನ್ನೇ ನೋಡಿ ಉಣ್ಣುತ್ತಿದ್ದ. ಬರಬರುತ್ತ ಅವಳು ಕೇಳುವುದನ್ನು ಬಿಟ್ಟು ರೊಟ್ಟಿ ಹಾಕಿಬಿಡುವುದನ್ನು ರೂಢಿ ಮಾಡಿಕೊಂಡಳು. ಓಣಿಯ ಹುಡುಗರು ಅವನು ಹಾದುಹೋದರೆ ಬೆನ್ನ ಹಿಂದೆ ಖಟಕ್ ಖಟಕ್ ಎನ್ನುತ್ತಿದ್ದರು. ಅದು ಅವನಿಗೆ ಕೇಳುತ್ತಿರಲಿಲ್ಲ, ಹಿಂದೆ ಬರುವ ಶೇವಂತಿಗೆ ಕೇಳುತ್ತಿತ್ತು.

ಮೊದಲ ಕರಡಿ ಈರಪ್ಪನಿಗೆ ಹೋಯಿತು. ಮೇಳದ ಹಿರಿಯರು ಒಂದು ಮಾತು ಕೇಳುವ ಗೋಜಿಗೂ ಹೋಗಲಿಲ್ಲ.

ಹಾಗೆ ಮುಗಿದಿದ್ದರೆ ಮುತ್ತಣ್ಣನ ಸಂಕಟ ಅವನ ಮನೆಯೊಳಗೇ ಉಳಿಯುತ್ತಿತ್ತು. ಆದರೆ ರೆಕಾರ್ಡು ಫೋನಿನಿಂದ ಫೋನಿಗೆ ಹಬ್ಬಿತ್ತು. ಮುಧೋಳದ ಒಬ್ಬ ಸಾಹುಕಾರರ ಮನೆಯ ಮದುವೆಗೆ ಮೇಳವನ್ನು ಕರೆಯಲು ಬಂದವರು ಒಂದೇ ಹಟ ಹಿಡಿದರು. ಫೋಟೋದಲ್ಲಿರುವವರು ಬೇಕು, ಅವರಿಲ್ಲದಿದ್ದರೆ ಬೇರೆ ಮೇಳ ನೋಡುತ್ತೇವೆ ಎಂದರು. ಈರಪ್ಪ ಮತ್ತೆ ಅದೇ ಹೊಸ್ತಿಲಿಗೆ ಬಂದ. ಈ ಸಲ ಒಳಗೆ ಬಂದು ಚಾಪೆಯ ಮೇಲೆ ಕೂತ.

"ಅಣ್ಣಾ, ಮುಂದ ನೀನ ನಿಂದರಬೇಕು. ನಿನ್ನ ಕೊಳ್ಳಾಗ ಒಂದ ಕರಡಿ ಹಾಕತೇವಿ, ಒಳಗ ಚಿಂದಿ ತುಂಬಿ. ಸಪ್ಪಳ ಬರಂಗಿಲ್ಲ. ನೀ ಹೆಂಗ ಬೇಕಾದ್ರೂ ಕೈ ಆಡಸ. ನಾ ಹಿಂದ ಬಾರಸ್ತೇನಿ. ಬಾಯಿ ಮಾತ್ರ ಫೋಟೋದಾಗಿನಂಗ ತಗಿ."

ಶೇವಂತಿ ಒಲೆಯ ಮುಂದಿನಿಂದ ಎದ್ದಳು. ಗಂಡ ಈಗ ಅವನ ಮುಖಕ್ಕೆ ಉಗಿಯುತ್ತಾನೆ, ಚಾಪೆ ಎಳೆದು ಹೊರಗೆ ಹಾಕುತ್ತಾನೆ ಎಂದು ಕಾದಳು. ಹಾಗೆ ಮಾಡಿದರೆ ಗಂಡನ ಕಾಲಿಗೆ ಬೀಳಬೇಕೆಂದುಕೊಂಡಳು.

ಮುತ್ತಣ್ಣ ಈರಪ್ಪನ ತುಟಿಯನ್ನೇ ನೋಡುತ್ತಿದ್ದವನು ಕೇಳಿದ, "ಎಲ್ಲಾರಕಿಂತಾ ಮುಂದ?"

"ಎಲ್ಲಾರಕಿಂತಾ ಮುಂದ."

"ಯಾವತ್ತ ಐತಿ ಮದವಿ?"

ಮುಧೋಳದ ಮದುವೆಯ ಚಪ್ಪರದಲ್ಲಿ ಅವನು ಹಳದಿ ಪಟಕಾ ಸುತ್ತಿ ಮೇಳದ ಮುಂದೆ ನಿಂತ. ಶೇವಂತಿಯನ್ನು ಯಾರೂ ಕರೆದಿರಲಿಲ್ಲ, ಆದರೂ ಟೆಂಪೋ ಹತ್ತಿ ಬಂದಿದ್ದಳು. ಬಂದು ಹೆಂಗಸರ ಸಾಲಿನ ತುದಿಯಲ್ಲಿ ಕೂತಳು. ಚಿಂದಿ ತುಂಬಿದ ಕರಡಿಯನ್ನು ಅವನು ಬಾಯಿ ತೆರೆದು, ನರ ಉಬ್ಬಿಸಿ ಬಡಿದ. ಪೆಟ್ಟು ಧೊಪ್ಪ ಧೊಪ್ಪ ಎಂದು ಅಲ್ಲೇ ಸಾಯುತ್ತಿತ್ತು, ಹಿಂದಿನಿಂದ ಈರಪ್ಪನ ಕರಡಿ ಚಪ್ಪರ ನಡುಗಿಸುತ್ತಿತ್ತು. ಅವನು ಒಮ್ಮೆಯೂ ಅವಳ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಈಗ ಇರಲಿಲ್ಲ.

ಮಜಲು ಮುಗಿದ ಮೇಲೆ ಮದುಮಗನ ಗೆಳೆಯರು ಫೋನು ಹಿಡಿದು ಸುತ್ತುಗಟ್ಟಿದರು.

"ಕಾಕಾ, ಆ ರೆಕಾರ್ಡಿನ್ಯಾಗ ಬಾರ್ಸಿದವರ ನೀವ ಏನ್ರಿ? ಖರೇ?"

ಮುತ್ತಣ್ಣ ತುಟಿ ಓದಿದ. ಈರಪ್ಪ ಬೆವರು ಒರೆಸಿಕೊಳ್ಳುತ್ತ ಪಕ್ಕದಲ್ಲೇ ನಿಂತಿದ್ದ, ಏನು ಹೇಳುತ್ತಾನೋ ಎಂದು ನೋಡುತ್ತಿದ್ದ.

"ನಾನ್ರಿ" ಎಂದ ಮುತ್ತಣ್ಣ. ಗುಡಿಯ ಮುಂದಿನ ಆ ಸಂಜೆಯ ಮೇಲೆ ಮೊದಲ ಸಲ ಹೆಂಡತಿಯ ಮುಖಕ್ಕೆ ಮುಖ ಕೊಟ್ಟು ನೋಡಿ, ಬೆರಳು ಮಾಡಿದ. "ಸಂಶೆ ಇದ್ರ ಅಕಿನ್ನ ಕೇಳ್ರಿ. ನಮ್ಮಕಿ. ಅಕಿಗೆ ಎಲ್ಲಾ ಕೇಳಸ್ತೈತಿ."

ಫೋನುಗಳೆಲ್ಲ ಶೇವಂತಿಯ ಕಡೆ ತಿರುಗಿದವು. ಮುತ್ತಣ್ಣ ಕಣ್ಣು ಮಿಟುಕಿಸದೆ ಅವಳ ತುಟಿಯನ್ನೇ ನೋಡುತ್ತ ನಿಂತ. ಅವಳು ಸೆರಗನ್ನು ಬಾಯಿಗೆ ತರಲು ಹೋದಳು.

"ಸೆರಗ ತಗಿ" ಎಂದ ಅವನು. "ಕಾಣವಲ್ತು."

ಅವಳು ಸೆರಗು ಬಿಟ್ಟಳು. ಹೂಂ, ಇವರ ಬಾರ್ಸ್ಯಾರ ಎಂದಳು. ದನಿ ಹೊರಡಲಿಲ್ಲ, ತುಟಿ ಮಾತ್ರ ಅಲುಗಿತು. ಗೆಳೆಯರಿಗೆ ಕೇಳಿಸದೆ "ಏನಂದ್ರಿ ಅಮ್ಮಾರ?" ಎಂದು ಫೋನನ್ನು ಇನ್ನೂ ಹತ್ತಿರ ತಂದರು. ಮುತ್ತಣ್ಣನಿಗೆ ಸಾಕಾಗಿತ್ತು. ಅವನು ತಿರುಗಿ, ಕರಡಿಯನ್ನು ಕೊರಳಿನಿಂದ ತೆಗೆಯದೆಯೇ, ಊಟದ ಪಂಕ್ತಿಯ ಕಡೆ ನಡೆದ.